ಆಟದ ನಡುವೆ ಬದಲಾದ ಟೈರು



ಹಗರೆಯವನಿಗೂ ಕಾರ್ ರೇಸಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸು ನಮ್ಮೂರಲ್ಲಿ ನಿಲ್ಲುತ್ತದೆ, ಹಳೇಬೀಡಿನ ಕಡೆ ಹೋಗುವವರು ಇಲ್ಲಿ ಇಳಿದು ಬಲಕ್ಕೆ ತಿರುಗುತ್ತಾರೆ. ಹೊರಗಿನವರಿಗೆ ಹಗರೆ ಎಂದರೆ ಇಷ್ಟೇ. ಆದರೆ ಇದೇ ರಸ್ತೆ ಬೇಲೂರು ದಾಟಿ ಚಿಕ್ಕಮಗಳೂರು ಮುಟ್ಟುತ್ತದೆ. ಅಲ್ಲಿನ ಕಾಫಿ ತೋಟಗಳ ಮಣ್ಣು ದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿಗಳು ನಡೆದಿವೆ, ಏಷ್ಯಾ ಪೆಸಿಫಿಕ್ ರ‍್ಯಾಲಿ ಸರಣಿಯ ಸುತ್ತುಗಳೂ ನಡೆದಿವೆ. ಹಾಗಾಗಿ ರೇಸು ನಮಗೆ ತೀರಾ ದೂರದ ಊರಿನ ಸುದ್ದಿಯೇನಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಘರ್ಷಣೆ, ಒತ್ತಡ, ಉಷ್ಣ ಎಂಬ ಪಾಠಗಳನ್ನು ಹುಡುಗರ ತಲೆಗೆ ಇಳಿಸಲು ನನಗೆ ಟೈರಿಗಿಂತ ಒಳ್ಳೆಯ ಉಪಕರಣ ಸಿಕ್ಕಲಿಲ್ಲ. ಟೈರಿನ ಬೆನ್ನು ಹತ್ತಿ ಹೋದವನಿಗೆ ರೇಸು ತಾನಾಗಿ ಸಿಕ್ಕಿತು. ಇವತ್ತು ಮಾತಾಡಬೇಕೆಂದಿರುವುದೂ ಒಂದು ಟೈರಿನ ವಿಷಯವೇ. 2013ರ ಫಾರ್ಮುಲಾ ಒನ್ ಸರಣಿಯ ನಡುವೆ ಆ ಟೈರು ಬದಲಾಯಿತು. ಅದರಿಂದ ಬೆಂಗಳೂರಿನ ಯಜಮಾನರೊಬ್ಬರ ತಂಡದ ಲೆಕ್ಕವೆಲ್ಲ ತಲೆಕೆಳಗಾಯಿತು.

ಆ ತಂಡದ ಹೆಸರು ಫೋರ್ಸ್ ಇಂಡಿಯಾ. ಯಜಮಾನರು ಯುಬಿ ಗ್ರೂಪಿನ ವಿಜಯ್ ಮಲ್ಯ. ಅವರ ಸಾಲದ ಕತೆ, ವಿಮಾನದ ಕತೆ, 2016ರಲ್ಲಿ ದೇಶ ಬಿಟ್ಟ ಕತೆ ಎಲ್ಲವೂ ನಿಮಗೆ ಬಾಯಿಪಾಠ, ಅದನ್ನು ಇಲ್ಲಿ ಎಳೆಯುವುದಿಲ್ಲ. ರೇಸಿನ ಹುಚ್ಚು ಮಾತ್ರ ಅವರಿಗೆ ನಿಜವಾದದ್ದು. ಹರೆಯದಲ್ಲಿ ಮದ್ರಾಸಿನ ಬಳಿಯ ಷೋಲಾವರಂನಲ್ಲಿ ಎನ್ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರನ್ನು ತಾವೇ ಓಡಿಸಿದ್ದರು. 2007ರ ಕೊನೆಯಲ್ಲಿ ಡಚ್ಚರ ಸ್ಪೈಕರ್ ತಂಡವನ್ನು ಪಾಲುದಾರರೊಬ್ಬರ ಜೊತೆ ಕೊಂಡು, 2008ರಿಂದ ಅದನ್ನು ಭಾರತದ ಹೆಸರಿನಲ್ಲಿ ಓಡಿಸಿದರು. ಕಾರ್ಖಾನೆ ಇದ್ದದ್ದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ, ರೇಸ್ ಟ್ರ್ಯಾಕಿನ ಬಾಗಿಲ ಎದುರಿಗೇ. ಕೆಲಸಗಾರರು ಬಹುತೇಕ ಇಂಗ್ಲಿಷರು. 2009ರಿಂದ ಎಂಜಿನ್ನು ಮರ್ಸಿಡಿಸ್‌ನದು. 2011ರಲ್ಲಿ ಸಹಾರಾ ಕೂಡ ಪಾಲು ಕೊಂಡು ಸೇರಿಕೊಂಡಿತು. ಮೊದಲ ವರ್ಷ ಒಂದು ಅಂಕವೂ ಬರಲಿಲ್ಲ. ಎರಡನೆಯ ವರ್ಷ ಬೆಲ್ಜಿಯಂನಲ್ಲಿ ತಂಡದ ಚಾಲಕ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದಿನ ಜಾಗದಿಂದ ಹೊರಟು ಎರಡನೆಯವನಾಗಿ ಬಂದಾಗ ಜಗತ್ತು ಒಮ್ಮೆ ತಿರುಗಿ ನೋಡಿತು.

ಇನ್ನು ನಿಯಮದ ಮಾತು. ಫಾರ್ಮುಲಾ ಒನ್ ಒಂದು ದಿನದ ಆಟವಲ್ಲ. ಆಗ ಮಾರ್ಚ್‌ನಲ್ಲಿ ಶುರುವಾದರೆ ನವೆಂಬರ್ ತನಕ ದೇಶ ದೇಶ ಸುತ್ತುತ್ತಿತ್ತು. 2013ರಲ್ಲಿ 19 ರೇಸುಗಳಿದ್ದವು. ಒಂದೊಂದು ರೇಸಿನಲ್ಲೂ ಮೊದಲ ಹತ್ತು ಜನಕ್ಕೆ ಅಂಕ: ಗೆದ್ದವನಿಗೆ 25, ಹತ್ತನೆಯವನಿಗೆ 1. ಚಾಲಕರ ಅಂಕ ಕೂಡಿಸಿದರೆ ತಂಡದ ಅಂಕ. ವರ್ಷದ ಕೊನೆಗೆ ತಂಡ ಎಷ್ಟನೆಯ ಸಾಲಿನಲ್ಲಿ ನಿಂತಿದೆ ಎಂಬುದರ ಮೇಲೆ ಬಹುಮಾನದ ಹಣದ ಹಂಚಿಕೆ. ಒಂದು ಸಾಲು ಕೆಳಗೆ ಇಳಿದರೆ ಲಕ್ಷಾಂತರ ಡಾಲರ್ ಖೋತಾ. ಕಾರು ಹೇಗಿರಬೇಕು ಎನ್ನುವ ಪುಸ್ತಕವನ್ನು ಬರೆಯುವುದು ಎಫ್‌ಐಎ ಎಂಬ ಅಂತರರಾಷ್ಟ್ರೀಯ ಒಕ್ಕೂಟ. ಆ ಪುಸ್ತಕ ಕೈಗೆ ಬಂದ ಮೇಲೆ ಎಂಜಿನಿಯರುಗಳು ಚಳಿಗಾಲವೆಲ್ಲ ಕೂತು ಅದಕ್ಕೆ ತಕ್ಕ ಕಾರು ಕಟ್ಟುತ್ತಾರೆ. ಒಮ್ಮೆ ಕಟ್ಟಿದ ಮೇಲೆ ಬುಡ ಬದಲಿಸಲು ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಆದ್ದರಿಂದ ಸರಣಿಯ ನಡುವೆ ಪುಸ್ತಕ ತಿದ್ದುವುದು ಸುಲಭವಾಗಬಾರದು ಎಂದು ಬಿಗಿ ಇಟ್ಟಿದ್ದಾರೆ. ಟೈರಿನ ರಚನೆ ಬದಲಿಸಬೇಕಾದರೆ ಆಗ ಎಲ್ಲ ತಂಡಗಳೂ ಒಪ್ಪಬೇಕಿತ್ತು. ಇದಕ್ಕೆ ಇದ್ದದ್ದು ಒಂದೇ ವಿನಾಯಿತಿ. ಜೀವಕ್ಕೆ ಅಪಾಯ ಎಂದಾದರೆ ಒಕ್ಕೂಟ ಯಾರ ಒಪ್ಪಿಗೆಗೂ ಕಾಯಬೇಕಿಲ್ಲ.

2011ರಿಂದ ಎಲ್ಲ ತಂಡಕ್ಕೂ ಟೈರು ಕೊಡುತ್ತಿದ್ದದ್ದು ಇಟಲಿಯ ಪಿರೆಲ್ಲಿ ಒಂದೇ. ಅದಕ್ಕೆ ಸಿಕ್ಕಿದ್ದ ಅಪ್ಪಣೆಯೇ ವಿಚಿತ್ರ: ಬೇಗ ಸವೆಯುವ ಟೈರು ಮಾಡಿಕೊಡಿ, ಆಗ ಟೈರು ಬದಲಿಸಲು ಪಿಟ್ಟಿಗೆ ಹೆಚ್ಚು ಸಲ ಬರಬೇಕಾಗುತ್ತದೆ, ಆಟ ರಂಗೇರುತ್ತದೆ ಎಂದು. ನಮ್ಮ ಕಡೆ ಯಾವ ಟ್ರ್ಯಾಕ್ಟರ್ ಮಾಲೀಕನಾದರೂ ಹೀಗೆ ಕೇಳಿದ್ದುಂಟೇ! 2013ಕ್ಕೆ ಪಿರೆಲ್ಲಿ ರಬ್ಬರನ್ನು ಇನ್ನಷ್ಟು ಮೆದು ಮಾಡಿತು, ಟೈರಿನ ಪಕ್ಕದ ಗೋಡೆ ಹೆಚ್ಚು ಬಳುಕುವಂತೆ ಮಾಡಿತು. ಒಳಗಿನ ಪಟ್ಟಿಯನ್ನೂ ಬದಲಿಸಿತು. ಟೈರಿನ ಮೇಲ್ಮೈ ರಬ್ಬರಿನ ಕೆಳಗೆ, ಸುತ್ತಲೂ, ಸೊಂಟಪಟ್ಟಿಯಂತೆ ಒಂದು ಬೆಲ್ಟ್ ಇರುತ್ತದೆ. ವೇಗದಲ್ಲಿ ಟೈರು ಉಬ್ಬಿ ಆಕಾರ ಕೆಡದಂತೆ ಹಿಡಿದಿಡುವುದು ಅದೇ. 2012ರ ತನಕ ಅದು ಕೆವ್ಲಾರ್ ನೂಲಿನದು. ಗುಂಡು ತಡೆಯುವ ಅಂಗಿಗೆ ಬಳಸುತ್ತಾರಲ್ಲ, ಅದೇ ನೂಲು. 2013ರಲ್ಲಿ ಅದರ ಜಾಗಕ್ಕೆ ಉಕ್ಕು ಬಂತು.

ಈ ಟೈರು ಯಾರಿಗೆ ಒಗ್ಗಿತು, ಯಾರಿಗೆ ಒಗ್ಗಲಿಲ್ಲ ಎಂಬಲ್ಲಿಂದ ಜಗಳ ಶುರು. ರೇಸ್ ಕಾರು ಓಡುವಾಗ ಗಾಳಿಯೇ ಅದನ್ನು ನೆಲಕ್ಕೆ ಒತ್ತುತ್ತದೆ. ರೆಡ್ ಬುಲ್ ಕಾರಿಗೆ ಆ ಒತ್ತಡ ಬಹಳ ಜಾಸ್ತಿ, ಅದರಿಂದಲೇ ತಿರುವಿನಲ್ಲಿ ಅದಕ್ಕೆ ಎದುರಿಲ್ಲ. ಆದರೆ ಅಷ್ಟು ಒತ್ತಿದರೆ ಮೆದು ಟೈರು ಬೇಗ ಬೆಂದುಹೋಗುತ್ತದೆ. ಮರ್ಸಿಡಿಸ್ ಕಾರು ಹೊರಡುವ ಜಾಗ ಗೊತ್ತು ಮಾಡುವ ಶನಿವಾರದ ಒಂದು ಸುತ್ತಿನಲ್ಲಿ ಮಿಂಚುತ್ತಿತ್ತು, ಭಾನುವಾರದ ರೇಸಿನಲ್ಲಿ ಹಿಂದಿನ ಟೈರು ಕರಗಿ ಕೂರುತ್ತಿತ್ತು. ಮೇ 12ರಂದು ಸ್ಪೇನಿನಲ್ಲಿ ರೋಸ್‌ಬರ್ಗ್ ಮೊದಲನೆಯ ಜಾಗದಿಂದ ಹೊರಟು ಆರನೆಯವನಾಗಿ ಬಂದ, ಪಕ್ಕದಲ್ಲಿ ಹೊರಟ ಹ್ಯಾಮಿಲ್ಟನ್ 12ನೆಯವನಾದ. ಗೆದ್ದ ಫೆರಾರಿಯ ಅಲೊನ್ಸೊ ಕೂಡ ನಾಲ್ಕು ಸಲ ಟೈರು ಬದಲಿಸಿದ್ದ. ಫೆರಾರಿ, ಲೋಟಸ್, ನಮ್ಮ ಫೋರ್ಸ್ ಇಂಡಿಯಾ — ಈ ಮೂವರ ಕಾರುಗಳು ಮಾತ್ರ ಟೈರನ್ನು ನಾಜೂಕಾಗಿ ಬಳಸುತ್ತಿದ್ದವು.

ಫೋರ್ಸ್ ಇಂಡಿಯಾದ ಆ ವರ್ಷದ ಕಾರು ವಿಜೆಎಂ06. ಓಡಿಸಿದವರು ಸ್ಕಾಟ್ಲೆಂಡಿನ ಪಾಲ್ ಡಿ ರೆಸ್ಟಾ, ಜರ್ಮನಿಯ ಏಡ್ರಿಯನ್ ಸುಟಿಲ್. ದೊಡ್ಡ ತಂಡಗಳ ಹಣಕ್ಕೆ ಹೋಲಿಸಿದರೆ ಇವರದು ಚಿಲ್ಲರೆ. ಆದರೆ ಆ ಟೈರಿನ ಗುಣವನ್ನು ಚೆನ್ನಾಗಿ ಓದಿಕೊಂಡಿದ್ದರು. ಆಸ್ಟ್ರೇಲಿಯಾದ ಮೊದಲ ರೇಸಿನಲ್ಲೇ ಸುಟಿಲ್ ಕೆಲವು ಸುತ್ತು ಎಲ್ಲರಿಗಿಂತ ಮುಂದೆ ಓಡಿದ. ಬಹ್ರೇನಿನಲ್ಲಿ ಡಿ ರೆಸ್ಟಾ ನಾಲ್ಕನೆಯವನು. ಮೊನಾಕೊದಲ್ಲಿ ಸುಟಿಲ್ ಐದನೆಯವನು. ಕೆನಡಾದಲ್ಲಿ ಡಿ ರೆಸ್ಟಾ 17ನೆಯ ಜಾಗದಿಂದ ಹೊರಟು, ಒಂದೇ ಒಂದು ಸಲ ಟೈರು ಬದಲಿಸಿ, ಏಳನೆಯವನಾಗಿ ಬಂದ. ಮೊದಲ ಸೆಟ್ ಟೈರಿನಲ್ಲೇ ಅವನು 56 ಸುತ್ತು ಹೊಡೆದಿದ್ದ. ಉಳಿದವರು ಎರಡು ಮೂರು ಸಲ ನಿಲ್ಲುತ್ತಿದ್ದ ಟೈರು ಅದು. ಎಂಟು ರೇಸು ಮುಗಿದಾಗ ಫೋರ್ಸ್ ಇಂಡಿಯಾದ ಅಂಕ 59, ಸ್ಥಾನ ಐದನೆಯದು. ಎಷ್ಟೋ ಸಲ ಚಾಂಪಿಯನ್ ಆದ ಮೆಕ್ಲಾರೆನ್ 37 ಅಂಕದೊಂದಿಗೆ ಅವರ ಹಿಂದೆ ನಿಂತಿತ್ತು. ಸ್ವಿಟ್ಜರ್ಲೆಂಡಿನ ಸೌಬರ್ ಇನ್ನೂ ಹಿಂದೆ, ಬರೀ 6.

ಸ್ಪೇನಿನ ರೇಸಾದ ಮೇಲೆ ದೊಡ್ಡ ತಂಡಗಳ ಕೂಗು ಜೋರಾಯಿತು. ಇದು ರೇಸಲ್ಲ, ಟೈರು ಉಳಿಸುವ ಆಟ ಎಂದು ರೆಡ್ ಬುಲ್ ಮಾಲೀಕರೇ ಪತ್ರಿಕೆಯವರೆದುರು ಸಿಡಿದರು. ಕೆನಡಾ ಹೊತ್ತಿಗೆ ಬದಲಿಸುತ್ತೇವೆ ಎಂದು ಪಿರೆಲ್ಲಿ ಹೇಳಿತು. ಫೆರಾರಿ, ಲೋಟಸ್, ಫೋರ್ಸ್ ಇಂಡಿಯಾ ಒಪ್ಪಲಿಲ್ಲ. ಎಲ್ಲರಿಗೂ ಒಂದೇ ಟೈರು ಸಿಕ್ಕಿದೆ, ನಾವು ಅದಕ್ಕೆ ತಕ್ಕ ಕಾರು ಮಾಡಿದ್ದೇವೆ, ನಿಮಗೆ ಬಾರದಿದ್ದರೆ ನಾವೇಕೆ ದಂಡ ಕಟ್ಟಬೇಕು ಎಂಬುದು ಅವರ ವಾದ.

ಈ ವಾದ ನಮಗೆ ಬಲು ಬೇಗ ಅರ್ಥವಾಗುತ್ತದೆ. ಜಾತ್ರೆಯ ಗಾಡಿ ಓಟ ನೆನೆಸಿಕೊಳ್ಳಿ. ಕಬ್ಬಿಣದ ಪಟ್ಟೆ ಹೊಡೆದ ಮರದ ಚಕ್ರ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದಾರೆ. ಒಬ್ಬ ಆ ಚಕ್ರಕ್ಕೆ ಒಗ್ಗುವ ಹದವಾದ ನಡಿಗೆಯ ಎತ್ತು ತಂದಿದ್ದಾನೆ, ಇನ್ನೊಬ್ಬ ಬರೀ ಜೋರಿನ ಎತ್ತು ತಂದಿದ್ದಾನೆ. ಅರ್ಧ ಓಟ ಆದ ಮೇಲೆ ಮೈಕಿನಲ್ಲಿ, ಇನ್ನು ಮೇಲೆ ಎಲ್ಲರೂ ಟೈರಿನ ಚಕ್ರ ಹಾಕಿಕೊಂಡು ಬನ್ನಿ ಎಂದರೆ? ನಿಯಮ ಎಲ್ಲರಿಗೂ ಒಂದೇ, ಸರಿ. ಆದರೆ ಲಾಭ ಯಾರಿಗೆ ಎಂದು ಗದ್ದೆಯ ಬದುವಿನ ಮೇಲೆ ಕೂತ ಮಗುವೂ ಹೇಳುತ್ತದೆ.

ಆದರೂ ಒಂದು ಮಾತು ಮುಚ್ಚಿಡಬಾರದು. ಆ ಟೈರಿನಲ್ಲಿ ದೋಷವಿತ್ತು. ಮೇಲಿನ ರಬ್ಬರ್ ಪದರ ಕಿತ್ತು ಸಿಪ್ಪೆಯಂತೆ ಹಾರಿಹೋದ ಪ್ರಸಂಗಗಳು ವರ್ಷದ ಮೊದಲಲ್ಲೇ ಕಂಡಿದ್ದವು. ಸ್ಪೇನಿನ ಅಭ್ಯಾಸದ ಓಟದಲ್ಲಿ ಹಾಗೆ ಟೈರು ಕಿತ್ತುಹೋದ ಕಾರು ಯಾರದು ಗೊತ್ತೇ? ಫೋರ್ಸ್ ಇಂಡಿಯಾದ ಡಿ ರೆಸ್ಟಾನದೇ. ಹಾಗಿದ್ದೂ ಬದಲಾವಣೆಗೆ ತಡೆ ಒಡ್ಡಿದವರಲ್ಲಿ ಅವರೂ ಒಬ್ಬರು. ಅಂಕ ಬರುತ್ತಿರುವಾಗ ಅಪಾಯ ಸಣ್ಣದಾಗಿ ಕಾಣುತ್ತದೆ. ಇದನ್ನು ನಮ್ಮ ತಂಡ ಎಂಬ ಅಭಿಮಾನದಿಂದ ತೇಲಿಸಿಬಿಡಲು ನನಗೆ ಮನಸ್ಸಿಲ್ಲ. ಆ ಮೂವರೂ ಹೊಟ್ಟೆಪಾಡಿನ ಲೆಕ್ಕ ಹಾಕಿ ಕೈ ಎತ್ತಿದರು, ಟೈರಿನ ಲೆಕ್ಕ ಹಾಕಲಿಲ್ಲ. ಎದುರಿನವರೇನು ಸಾಚಾ ಎನ್ನಬೇಡಿ. ಮರ್ಸಿಡಿಸ್ ತಂಡ ಸ್ಪೇನಿನ ರೇಸು ಮುಗಿದ ಮೇಲೆ ಅದೇ ಟ್ರ್ಯಾಕಿನಲ್ಲಿ ಉಳಿದುಕೊಂಡು, ಆ ವರ್ಷದ ಕಾರಿನಲ್ಲೇ ಪಿರೆಲ್ಲಿ ಜೊತೆ ಮೂರು ದಿನ, ಸಾವಿರ ಕಿಲೋಮೀಟರು, ಗುಟ್ಟಾಗಿ ಪರೀಕ್ಷೆ ಮಾಡಿತ್ತು. ಜೂನ್‌ನಲ್ಲಿ ವಿಚಾರಣೆ ನಡೆದು ಛೀಮಾರಿ ಬಿತ್ತು, ಮುಂದಿನ ಒಂದು ಪರೀಕ್ಷಾ ಓಟದಿಂದ ಹೊರಗಿಟ್ಟರು. ಶಿಕ್ಷೆ ಹಗುರವಾಯಿತು ಎಂದು ಆಗಲೇ ಹಲವರು ಗೊಣಗಿದರು, ನನಗೂ ಹಾಗೇ ಅನ್ನಿಸುತ್ತದೆ.

ಒಪ್ಪಿಗೆ ಸಿಗದೆ ಪಿರೆಲ್ಲಿ ರಬ್ಬರನ್ನು ಅಂಟಿಸುವ ಕ್ರಮವನ್ನಷ್ಟೇ ಬದಲಿಸಿ ಅದೇ ಟೈರನ್ನು ಬ್ರಿಟನ್ನಿಗೆ ತಂದಿತು. 2013ರ ಜೂನ್ 30, ಸಿಲ್ವರ್‌ಸ್ಟೋನ್. ಮುಂದೆ ಓಡುತ್ತಿದ್ದ ಹ್ಯಾಮಿಲ್ಟನ್‌ನ ಎಡ ಹಿಂಬದಿಯ ಟೈರು ನೇರ ದಾರಿಯಲ್ಲಿ ಸಿಡಿಯಿತು. ಸ್ವಲ್ಪ ಹೊತ್ತಿಗೆ ಮಸ್ಸಾನದು. ಆಮೇಲೆ ವೆರ್ನ್‌ನದು. ಕೊನೆಯ ಹೊತ್ತಿನಲ್ಲಿ ಪೆರೆಜ್‌ನದು. ಗಂಟೆಗೆ 250 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಉಕ್ಕಿನ ತಂತಿ ಸೇರಿದ ರಬ್ಬರ್ ತುಂಡುಗಳು ಹಿಂದೆ ಬರುವವನ ತಲೆಯ ಮಟ್ಟಕ್ಕೆ ಹಾರುವುದನ್ನು ಟೀವಿಯಲ್ಲಿ ನೋಡಿದವರು ಮರೆತಿರಲಾರರು. ಚಾಲಕನ ತಲೆಯ ಮೇಲೆ ಆಗ ಈಗಿನಂಥ ರಕ್ಷಣೆಯ ಕಮಾನೂ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ ಎಂಬುದು ಪುಣ್ಯ.

ಪಿರೆಲ್ಲಿ ಎರಡು ದಿನದಲ್ಲಿ ಕಾರಣ ಹೇಳಿತು. ಎಡಕ್ಕೆಂದು ಮಾಡಿದ ಹಿಂದಿನ ಟೈರನ್ನು ತಂಡಗಳು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕುತ್ತಿದ್ದವು. ಗಾಳಿ ಹೇಳಿದ್ದಕ್ಕಿಂತ ಕಡಿಮೆ ತುಂಬುತ್ತಿದ್ದವು. ಚಕ್ರವನ್ನು ಅತಿಯಾಗಿ ಓರೆ ಕೂರಿಸುತ್ತಿದ್ದವು. ಜೊತೆಗೆ ಆ ಟ್ರ್ಯಾಕಿನ ಅಂಚುಗಲ್ಲು ಚೂಪು. ಪಂಕ್ಚರ್ ಅಂಗಡಿಯಲ್ಲಿ ಕೂತ ಯಾವ ಹುಡುಗನೂ ಮೊದಲು ಕೇಳುವ ಪ್ರಶ್ನೆ, ಗಾಳಿ ಎಷ್ಟಿತ್ತು ಎಂಬುದೇ. ಕೋಟ್ಯಂತರ ರೂಪಾಯಿಯ ಆಟದಲ್ಲಿ ಅದನ್ನು ಕಡ್ಡಾಯ ಮಾಡಿರಲಿಲ್ಲ ಎಂದರೆ ನಂಬುವುದು ಕಷ್ಟ. ಗಾಳಿ, ಓರೆ, ಅದಲುಬದಲು ಈ ಮೂರಕ್ಕೂ ಒಕ್ಕೂಟ ಆಮೇಲೆ ಬಿಗಿಯಾದ ಅಂಕುಶ ಹಾಕಿತು.

ಈಗ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಒಂದೇ ವಾರದಲ್ಲಿ, ಜುಲೈ 7ರ ಜರ್ಮನಿ ರೇಸಿಗೆ, ಹಿಂದಿನ ಟೈರುಗಳಿಗೆ ಕೆವ್ಲಾರ್ ಪಟ್ಟಿ ವಾಪಸು ಬಂತು. ಮತ್ತೆ ಸಿಡಿದರೆ ಕಾರಿನಿಂದ ಇಳಿಯುತ್ತೇವೆ ಎಂದು ಚಾಲಕರ ಸಂಘ ಮೊದಲೇ ಎಚ್ಚರಿಸಿತ್ತು. ಜುಲೈ 28ರ ಹಂಗೇರಿಯಿಂದ ಇಡೀ ಟೈರು ಬೇರೆ: ಒಳಗಿನ ಕಟ್ಟು 2012ರದು, ಮೇಲಿನ ರಬ್ಬರ್ 2013ರದು.

ಮುಂದಿನ ಲೆಕ್ಕ ಕೇಳಿ. ಮೊದಲ ಎಂಟು ರೇಸಿನಲ್ಲಿ 59 ಅಂಕ ಗಳಿಸಿದ್ದ ಫೋರ್ಸ್ ಇಂಡಿಯಾ ಉಳಿದ ಹನ್ನೊಂದರಲ್ಲಿ ಗಳಿಸಿದ್ದು 18. ಅದರಲ್ಲೂ 6 ಅಂಕ ದೆಹಲಿ ಬಳಿಯ ಗ್ರೇಟರ್ ನೋಯ್ಡಾದಲ್ಲಿ ನಡೆದ ನಮ್ಮ ದೇಶದ ರೇಸಿನಲ್ಲಿ, 9 ಅಂಕ ಅಬುಧಾಬಿಯಲ್ಲಿ. ಅವೆರಡನ್ನು ಬಿಟ್ಟರೆ ಒಂಬತ್ತು ರೇಸಿಗೆ ಮೂರೇ ಅಂಕ. ಅದೇ ಹೊತ್ತಿನಲ್ಲಿ ಮೆಕ್ಲಾರೆನ್ 85 ಅಂಕ ಬಾಚಿಕೊಂಡು 122ಕ್ಕೆ ಏರಿತು. ಆರು ಅಂಕದ ಸೌಬರ್ 57ಕ್ಕೆ ಬಂದು ಬಾಗಿಲು ತಟ್ಟಿತು. ಫೋರ್ಸ್ ಇಂಡಿಯಾ 77 ಅಂಕದೊಂದಿಗೆ ಆರನೆಯ ಸ್ಥಾನಕ್ಕೆ ಇಳಿಯಿತು. ಮೇಲ್ಗಡೆ ರೆಡ್ ಬುಲ್‌ನ ವೆಟ್ಟೆಲ್ ಬೆಲ್ಜಿಯಂನಿಂದ ಬ್ರೆಜಿಲ್‌ವರೆಗೆ ಒಂದೇ ಸಮನೆ ಒಂಬತ್ತು ರೇಸು ಗೆದ್ದ. ಅಕ್ಟೋಬರ್ 27ರಂದು ನಮ್ಮ ನೆಲದಲ್ಲೇ ನಾಲ್ಕನೆಯ ಸಲ ವಿಶ್ವ ಚಾಂಪಿಯನ್ ಎನಿಸಿದ.

ಟೈರಿನ ಪಟ್ಟಿ ಬದಲಾದರೆ ಇಷ್ಟು ಏರುಪೇರು ಹೇಗೆ ಎಂಬುದಕ್ಕೆ ಪಾಠದ ಉತ್ತರ ಇದೆ. ಭಾರ ಬಿದ್ದಾಗ ಟೈರು ಎಷ್ಟು ಅಮುಕುತ್ತದೆ, ಎಲ್ಲಿ ಉಬ್ಬುತ್ತದೆ ಎನ್ನುವುದು ಅದರ ಒಳಗಿನ ಕಟ್ಟಿನ ಮೇಲೆ ನಿಂತಿದೆ. ಹಿಂದಿನ ಟೈರು ಸ್ವಲ್ಪ ಉಬ್ಬಿದರೂ ಕಾರಿನ ತಳದಲ್ಲಿ ಹರಿಯುವ ಗಾಳಿಯ ದಾರಿ ಬದಲಾಗುತ್ತದೆ, ನೆಲಕ್ಕೆ ಒತ್ತುವ ಬಲ ಬದಲಾಗುತ್ತದೆ. ಶಾಖ ಏರುವ ರೀತಿಯೂ ಬೇರೆ. ಎಂಜಿನಿಯರುಗಳು ಚಳಿಗಾಲದಲ್ಲಿ ಗಾಳಿ ಸುರಂಗದಲ್ಲಿ ಮಾದರಿ ಇಟ್ಟು ಅಳೆದದ್ದೆಲ್ಲ ಹಳೆಯ ಟೈರಿನ ಆಕಾರಕ್ಕೆ. ದೊಡ್ಡ ತಂಡಕ್ಕೆ ಹೊಸದಾಗಿ ಅಳೆಯಲು ಜನ ಇದ್ದಾರೆ, ಯಂತ್ರ ಇದೆ. ಸಣ್ಣ ತಂಡಕ್ಕೆ ಅಳೆಯುವಷ್ಟರಲ್ಲಿ ವರ್ಷ ಮುಗಿಯುತ್ತದೆ. ಗಟ್ಟಿ ಟೈರು ಬಂದ ಮೇಲೆ ಜೋರು ಕಾರಿಗೆ ತನ್ನ ಜೋರನ್ನು ಪೂರ್ತಿ ತೋರಿಸಲು ಸಾಧ್ಯವಾಯಿತು. ನಾಜೂಕಾದ ಕಾರಿಗೆ ತನ್ನ ನಾಜೂಕನ್ನು ತೋರಿಸುವ ಜಾಗವೇ ಉಳಿಯಲಿಲ್ಲ.

ಎಲ್ಲ ತಪ್ಪನ್ನೂ ಟೈರಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಬ್ರಿಟನ್ ರೇಸು ಮುಗಿದಾಗಲೇ ವೆಟ್ಟೆಲ್ ಪಟ್ಟಿಯ ತಲೆಯಲ್ಲಿದ್ದ. 2014ಕ್ಕೆ ಎಂಜಿನ್ ನಿಯಮವೇ ಬದಲಾಗಲಿತ್ತು, ಆದ್ದರಿಂದ ಫೋರ್ಸ್ ಇಂಡಿಯಾ ತನ್ನ ಇದ್ದ ಹಣವನ್ನು ಮುಂದಿನ ಕಾರಿನತ್ತ ಬೇಗ ತಿರುಗಿಸಿತು. ಮೆಕ್ಲಾರೆನ್ ತನ್ನ ಕೆಟ್ಟ ಕಾರನ್ನು ತಿದ್ದಿಕೊಂಡಿತು. ಆದರೂ ಬದಲಾವಣೆಯ ದಿನಕ್ಕೆ ಗೆರೆ ಎಳೆದು, ಹಿಂದೆ ಮುಂದೆ ಅಂಕ ಕೂಡಿ ನೋಡಿದರೆ ಚಾಂಪಿಯನ್ ಹೆಸರು ಬದಲಾಗಿಲ್ಲ. ಬದಲಾಗಿದ್ದು ನಡುವಿನ ಸಾಲುಗಳು.

ಬೇರೆ ಪ್ರಸಂಗಗಳಲ್ಲೂ ಹೆಚ್ಚುಕಡಿಮೆ ಹೀಗೇ ಆಗಿದೆ. 2006ರಲ್ಲಿ ರೆನೋ ತಂಡ ಕಾರಿನ ಮೂತಿಯೊಳಗೆ ಸ್ಪ್ರಿಂಗಿನ ಮೇಲೆ ಒಂದು ತೂಕ ಕೂರಿಸಿತ್ತು. ಕಾರು ಅದುರಿದಾಗ ಅದು ಎದುರು ದಿಕ್ಕಿಗೆ ಅದುರಿ ಚಕ್ರವನ್ನು ನೆಲದ ಮೇಲೆ ಸಮವಾಗಿ ಇಡುತ್ತಿತ್ತು. ಮೊದಲು ಸುಮ್ಮನಿದ್ದ ಒಕ್ಕೂಟ, ಇದು ಚಲಿಸುವ ವಾಯುಸಾಧನ ಎಂದು ಜುಲೈನಲ್ಲಿ ತಕರಾರು ತೆಗೆದು ನಿಷೇಧಿಸಿತು. ಮೂತಿಯೊಳಗೆ ಮುಚ್ಚಿಟ್ಟ ತೂಕಕ್ಕೂ ಹೊರಗಿನ ಗಾಳಿಗೂ ಏನು ಸಂಬಂಧ ಎಂದು ನನಗೆ ಇವತ್ತಿಗೂ ಹೊಳೆದಿಲ್ಲ. ಮೊದಲ ಒಂಬತ್ತರಲ್ಲಿ ಆರು ರೇಸು ಗೆದ್ದಿದ್ದ ಆ ತಂಡದ ಅಲೊನ್ಸೊ ನಿಷೇಧದ ಬಳಿಕ ಗೆದ್ದದ್ದು ಜಪಾನ್ ಒಂದನ್ನೇ. ಆದರೂ ಮೊದಲು ಕೂಡಿಟ್ಟ ಅಂಕದ ಬಲದಿಂದ ಚಾಂಪಿಯನ್ ಆದ. 2022ರಲ್ಲಿ ಕಾರುಗಳು ನೆಲಕ್ಕೆ ಕುಪ್ಪಳಿಸಿ ಚಾಲಕರ ಬೆನ್ನು ನೋಯಿಸುತ್ತವೆಂದು ಬೆಲ್ಜಿಯಂನಿಂದ ಹೊಸ ಅಳತೆ ತಂದರು. ಅದಕ್ಕೆ ಮೊದಲು ನಾಲ್ಕು ರೇಸು ಗೆದ್ದಿದ್ದ ಫೆರಾರಿ ಆಮೇಲೆ ಒಂದನ್ನೂ ಗೆಲ್ಲಲಿಲ್ಲ. ಆದರೆ ರೆಡ್ ಬುಲ್‌ನ ವೆರ್ಸ್ಟಾಪನ್ ಆಗಲೇ 80 ಅಂಕ ಮುಂದಿದ್ದ.

1994ರದು ಬೇರೆಯದೇ ದುಃಖ. ಇಮೋಲಾ ಟ್ರ್ಯಾಕಿನಲ್ಲಿ ಏಪ್ರಿಲ್ 30ರಂದು ಚಾಲಕ ರಾಟ್ಜೆನ್‌ಬರ್ಗರ್, ಮರುದಿನ ಐರ್ಟನ್ ಸೆನ್ನಾ ತೀರಿಕೊಂಡ ಮೇಲೆ ಒಕ್ಕೂಟ ವಾರಗಳ ಅಂತರದಲ್ಲಿ ನಿಯಮ ಬದಲಿಸುತ್ತಾ ಹೋಯಿತು. ಸ್ಪೇನಿಗೆ ಕಾರಿನ ಹಿಂಭಾಗ ಕತ್ತರಿಸಿದರು, ಜರ್ಮನಿಗೆ ತಳಕ್ಕೆ ಮರದ ಹಲಗೆ ಬಡಿದರು. ಆತುರದಲ್ಲಿ ತಂಡಗಳಿಗೆ ಪರೀಕ್ಷೆಗೂ ಸರಿಯಾದ ಸಮಯ ಸಿಗಲಿಲ್ಲ. ಅದೇ ಮೇ ತಿಂಗಳಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಪರೀಕ್ಷೆಯ ಓಟದಲ್ಲಿ ಲೋಟಸ್ ಕಾರಿನ ಹಿಂದಿನ ರೆಕ್ಕೆ ಮುರಿದು ಪೆದ್ರೊ ಲಾಮಿ ಕಾಲು ಮುರಿದುಕೊಂಡ. ಜೀವ ಉಳಿಸುವ ನಿಯಮವನ್ನೂ ಅವಸರದಲ್ಲಿ ತಂದರೆ ಕೈಕಾಲು ಹೋಗುತ್ತದೆ.

ಬದಲಾಯಿಸದೇ ಇದ್ದರೂ ಪರಿಣಾಮ ಆಗುತ್ತದೆ. ಸಿಲ್ವರ್‌ಸ್ಟೋನ್‌ನ ಅದೇ ಕಾರ್ಖಾನೆ 2005ರಲ್ಲಿ ಜೋರ್ಡನ್ ತಂಡದ್ದು. ಅದರ ಒಬ್ಬ ಚಾಲಕ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್. ಆ ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮಿಶೆಲಿನ್ ಟೈರು ಕೊನೆಯ ತಿರುವನ್ನು ತಡೆಯುವುದಿಲ್ಲ ಎಂದು ಗೊತ್ತಾಯಿತು. ವೇಗ ತಗ್ಗಿಸಲು ಅಲ್ಲೊಂದು ಅಡ್ಡತಿರುವು ಹಾಕಿ ಎಂದು ಆ ಟೈರಿನ ತಂಡಗಳು ಬೇಡಿಕೊಂಡವು. ಒಕ್ಕೂಟ ಜಪ್ಪಯ್ಯ ಎನ್ನಲಿಲ್ಲ. 14 ಕಾರುಗಳು ರೇಸು ಶುರುವಾಗುವ ಮೊದಲೇ ಪಿಟ್ಟಿಗೆ ಹೋಗಿ ನಿಂತವು, ಓಡಿದ್ದು ಆರೇ ಕಾರು. ಜೋರ್ಡನ್‌ನ ಇನ್ನೊಬ್ಬ ಚಾಲಕ ಮೊಂಟೇರೊ ಮೂರನೆಯವನಾದ, ನಾರಾಯಣ್ ನಾಲ್ಕನೆಯವರಾಗಿ ಅಂಕ ಗಳಿಸಿದ ಮೊದಲ ಭಾರತೀಯರಾದರು. ಆ ವರ್ಷ ಜೋರ್ಡನ್ ಗಳಿಸಿದ 12 ಅಂಕದಲ್ಲಿ 11 ಅದೊಂದೇ ದಿನದ್ದು. ಟೈರಿನ ಜಗಳದಲ್ಲಿ ನಿಯಮ ಬದಲಾಗದೆ ಲಾಭ ಪಡೆದ ಕಾರ್ಖಾನೆ, ಎಂಟು ವರ್ಷದ ಮೇಲೆ ನಿಯಮ ಬದಲಾಗಿ ನಷ್ಟ ಅನುಭವಿಸಿತು. ನಾವು ಎರಡನೆಯದನ್ನು ಮಾತ್ರ ಅನ್ಯಾಯ ಎನ್ನುತ್ತೇವೆ.

ಹಾಗಾದರೆ ಏನು ಮಾಡಬೇಕು? ಟೈರು ಸಿಡಿದರೆ ಮರುದಿನವೇ ಬದಲಿಸಲಿ, ಯಾರನ್ನೂ ಕೇಳುವುದು ಬೇಡ. 2013ರಲ್ಲಿ ಆದ ತಪ್ಪು ಬದಲಿಸಿದ್ದಲ್ಲ, ತಡ ಮಾಡಿದ್ದು. ಡಿ ರೆಸ್ಟಾನ ಟೈರು ಕಿತ್ತ ದಿನವೇ ತೀರ್ಮಾನ ಆಗಬೇಕಿತ್ತು. ಜೀವದ ಪ್ರಶ್ನೆ ಇಲ್ಲದ ಕಡೆ ಮೊದಲೇ ದಿನಾಂಕ ಹೇಳಬೇಕು. 2025ರಲ್ಲಿ ಮುಂದಿನ ರೆಕ್ಕೆ ಬಳುಕುವ ಮಿತಿಯನ್ನು 15 ಮಿಲಿಮೀಟರಿನಿಂದ 10ಕ್ಕೆ ಇಳಿಸುವ ಬದಲಾವಣೆ ಜೂನ್ 1ರ ಸ್ಪೇನ್ ರೇಸಿನಿಂದ ಬರುತ್ತದೆ ಎಂದು ಜನವರಿಯಲ್ಲೇ ಸಾರಿದ್ದರು. ಎಲ್ಲರೂ ಸಿದ್ಧರಾಗಿ ಬಂದರು, ಮುಂಚೂಣಿಯಲ್ಲಿದ್ದ ಮೆಕ್ಲಾರೆನ್ ಅಲ್ಲೂ ಮೊದಲೆರಡು ಸ್ಥಾನ ಹೊಡೆಯಿತು, ಗಲಾಟೆ ತಣ್ಣಗಾಯಿತು. ನನ್ನದೊಂದು ಸಲಹೆಯೂ ಇದೆ. ಈಗ ಕೆಳಗಿನ ಸ್ಥಾನದ ತಂಡಗಳಿಗೆ ಗಾಳಿ ಸುರಂಗದಲ್ಲಿ ಹೆಚ್ಚು ಹೊತ್ತು ಕೊಡುವ ಪದ್ಧತಿ ಇದೆ. ನಿಯಮ ಪಾಲಿಸಿಯೂ ನಡುವಿನ ಬದಲಾವಣೆಯಿಂದ ಪೆಟ್ಟು ತಿಂದ ಸಣ್ಣ ತಂಡಕ್ಕೂ ಹಾಗೆ ಒಂದಿಷ್ಟು ಹೆಚ್ಚಿನ ಹೊತ್ತು ಕೊಟ್ಟರೆ ಒಕ್ಕೂಟದ ಗಂಟೇನೂ ಹೋಗುವುದಿಲ್ಲ.

ಫೋರ್ಸ್ ಇಂಡಿಯಾ ಆಮೇಲೆ ಚೇತರಿಸಿಕೊಂಡಿತು. 2015ರಲ್ಲಿ ಐದನೆಯ ಸ್ಥಾನ, 2016 ಮತ್ತು 2017ರಲ್ಲಿ ನಾಲ್ಕನೆಯ ಸ್ಥಾನ. 2018ರಲ್ಲಿ ಸಾಲಕ್ಕೆ ಸಿಕ್ಕಿ ಕೈ ಬದಲಾಯಿತು, ಇವತ್ತು ಅದರ ಹೆಸರು ಆಸ್ಟನ್ ಮಾರ್ಟಿನ್. ನಮ್ಮವರ ಆಟವೇನೂ ನಿಂತಿಲ್ಲ. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದ ಫಾರ್ಮುಲಾ ಟು ಸ್ಪ್ರಿಂಟ್ ರೇಸು ಗೆದ್ದ. ಅವನ ಅಣ್ಣ ಅರ್ಜುನ್ ಅದೇ ವರ್ಷ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಓಡಿಸಿದ. ಅಲ್ಲಿ ಬೇರೆ ಬೇರೆ ಕಂಪನಿಯ ಕಾರುಗಳನ್ನು ಸಮ ಮಾಡಲು ತೂಕ, ಎಂಜಿನ್ ಶಕ್ತಿಯನ್ನು ಸರಣಿಯ ಉದ್ದಕ್ಕೂ ಹೆಚ್ಚುಕಡಿಮೆ ಮಾಡುತ್ತಲೇ ಇರುತ್ತಾರೆ. ನಡುವೆ ಬದಲಾಗುವುದೇ ಅಲ್ಲಿನ ನಿಯಮ, ಅದು ಮೊದಲೇ ಗೊತ್ತಿರುವುದರಿಂದ ಅಷ್ಟಾಗಿ ಮೋಸ ಅನ್ನಿಸುವುದಿಲ್ಲ.

ರೇಸು ನೋಡುವ ಹುಡುಗರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಸರಣಿಯ ನಡುವೆ ನಿಯಮ ಬದಲಾಯಿತು ಎಂಬ ಸುದ್ದಿ ಬಂದರೆ ಆ ದಿನದ ಅಂಕಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದಿಡಿ. ವರ್ಷ ಮುಗಿದ ಮೇಲೆ ಇನ್ನೊಮ್ಮೆ ಬರೆಯಿರಿ. ಮೊದಲ ಹೆಸರನ್ನು ಬಿಟ್ಟು ಐದನೆಯ, ಆರನೆಯ, ಏಳನೆಯ ಸಾಲು ನೋಡಿ.